ಆ ಹುಡುಗಿ ಬರೆದ ‘ಅನ್‌ಪಾಸಿಬಲ್’

ಮಾನ್ಯ ಸಂಪಾದಕರೇ,

ನಾನು ರಾಣೆಬೆನ್ನೂರಿನಲ್ಲಿ ಒಂದು ಸಣ್ಣ ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ ನಡೆಸುತ್ತೇನೆ. ಇಪ್ಪತ್ತೆರಡು ವರ್ಷವಾಯಿತು. ಮದುವೆ ಕಾರ್ಡು, ಬಾಡಿಗೆ ಕರಾರು, ತರಹೇವಾರಿ ಅರ್ಜಿ, ಸಂಘದ ಠರಾವು, ಎಲ್ಲ ಟೈಪ್ ಮಾಡುತ್ತೇನೆ. ಪರೀಕ್ಷೆ ಬಂತೆಂದರೆ ಸುತ್ತಲಿನ ಶಾಲೆಗಳ ಪ್ರಶ್ನೆಪತ್ರಿಕೆಗಳೂ ನನ್ನ ಟೇಬಲ್ಲಿಗೆ ಬರುತ್ತವೆ. ಪತ್ರಿಕೆಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಹೋದ ವಾರ ಸಂಜೆ ಏಳನೇ ಕ್ಲಾಸಿನ ಒಬ್ಬ ಹುಡುಗಿ ಅಂಗಡಿಗೆ ಬಂದಳು. ಅವಳ ತಂದೆ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಾರೆ. “ಅಕ್ಕಾರ, ಹತ್ತು ಲಾಂಗ್ ಶೀಟ್ ಕೊಡ್ರಿ” ಅಂದಳು. ಹತ್ತು ಯಾಕೆ ಎಂದು ಕೇಳಿದೆ. ಚೀಲದಿಂದ ಉತ್ತರಪತ್ರಿಕೆ ತೆಗೆದು ತೋರಿಸಿದಳು. ಇಂಗ್ಲಿಷ್ ಟೆಸ್ಟ್. ‘ವಿರುದ್ಧ ಪದ ಬರೆಯಿರಿ’ ಅನ್ನುವ ಪ್ರಶ್ನೆ, ಹತ್ತು ಪದ. ಹ್ಯಾಪಿ, ಕೈಂಡ್, ಪಾಸಿಬಲ್, ಲೀಗಲ್, ರೆಗ್ಯುಲರ್, ಆನೆಸ್ಟ್, ಒಬೇ, ಕರೆಕ್ಟ್, ಮೆಚೂರ್, ಏಬಲ್. ಹುಡುಗಿ ಹತ್ತಕ್ಕೂ ‘ಅನ್’ ಹಚ್ಚಿದ್ದಳು. ಅನ್‌ಹ್ಯಾಪಿ, ಅನ್‌ಕೈಂಡ್, ಅನ್‌ಏಬಲ್ ಸರಿ. ಉಳಿದ ಏಳಕ್ಕೆ ಕೆಂಪು ಗೀಟು. ಹತ್ತಕ್ಕೆ ಮೂರು. ‘ಅನ್‌ಪಾಸಿಬಲ್’ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಮಾತು ಬರೆದಿತ್ತು: “ಇದು ಯಾವ ದೇಶದ ಇಂಗ್ಲಿಷ್?” ಕೆಳಗೆ, ಏಳೂ ಪದಗಳನ್ನು ಐವತ್ತು ಸಲ ಬರೆದುಕೊಂಡು ಬರಬೇಕು ಎಂದಿತ್ತು. ಅಂದರೆ 350 ಸಲ.

ಆ ಪ್ರಶ್ನೆಪತ್ರಿಕೆ ಟೈಪ್ ಮಾಡಿದವಳು ನಾನೇ. ಹತ್ತು ಪದಗಳನ್ನು ಒಂದರ ಕೆಳಗೊಂದು ಜೋಡಿಸಿ, ಮುಂದೆ ಚುಕ್ಕಿ ಗೆರೆ ಎಳೆದಿದ್ದು ಈ ಕೈಯೇ. ಆ ಹೊತ್ತಿಗೆ ಅದು ನನಗೆ ಬರೀ ಹತ್ತು ಸಾಲು. ಅದೇ ಹತ್ತು ಸಾಲು ಒಂದು ಮಗುವಿನ ಮುಖದ ಮೇಲೆ ಏನು ಮಾಡುತ್ತದೆ ಎಂದು ನೋಡಿದ್ದು ಅವತ್ತೇ.

ಹುಡುಗಿ ಅಳಲಿಲ್ಲ. ಹಾಳೆ ಎಣಿಸಿಕೊಳ್ಳುತ್ತಾ ಕೇಳಿದಳು: “ಹ್ಯಾಪಿಗೆ ಅನ್ ಹಚ್ಚಿದ್ರ ಸರಿ ಐತಿ. ಪಾಸಿಬಲ್‌ಗೆ ಹಚ್ಚಿದ್ರ ಯಾಕ ತಪ್ಪು ಅಕ್ಕಾರ?”

ಇದು ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ? ಈ ಪ್ರಶ್ನೆಗೆ ಉತ್ತರ ಇದೆ. ಅದು ಕಷ್ಟದ್ದೂ ಅಲ್ಲ. ಅದರ ಅರ್ಧ ಆ ಹುಡುಗಿಗೆ ಕನ್ನಡದಲ್ಲಿ ಆಗಲೇ ಗೊತ್ತಿದೆ. ನಾವು ಯಾರೂ ಅದನ್ನು ಅವಳಿಗೆ ತೋರಿಸಿಲ್ಲ, ಅಷ್ಟೇ. ಪಟ್ಟಿ ಕೊಟ್ಟು ಬಾಯಿಪಾಠ ಮಾಡು ಅನ್ನುತ್ತೇವೆ. ಅದನ್ನು ಹೇಳಲಿಕ್ಕೇ ಈ ಪತ್ರ.

ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ. “ಮಂಗ ಅನ್ನು” ಅಂದೆ. ಅಂದಳು. “ಕಂದ ಅನ್ನು. ಈಗ ಕಂಬ ಅನ್ನು.” ಮೂರರಲ್ಲೂ ಬರೆಯುವುದು ಒಂದೇ ಸೊನ್ನೆ. ಆದರೆ ಬಾಯಲ್ಲಿ ಒಂದೇ ಸದ್ದು ಬರುತ್ತದಾ? ಕಂದ ಅನ್ನುವಾಗ ನಾಲಗೆ ಹಲ್ಲಿಗೆ ತಾಗಿ ‘ನ್’ ಬರುತ್ತದೆ. ಕಂಬ ಅನ್ನುವಾಗ ತುಟಿ ಮುಚ್ಚಿ ‘ಮ್’ ಆಗುತ್ತದೆ. ಮಂಗ ಅನ್ನುವಾಗ ಸದ್ದು ಗಂಟಲಿನ ಕಡೆ ಹೋಗುತ್ತದೆ. ಮುಂದಿನ ಅಕ್ಷರ ಯಾವುದೋ ಅದಕ್ಕೆ ತಕ್ಕ ಹಾಗೆ ಸೊನ್ನೆ ತನ್ನ ಸದ್ದು ಬದಲಿಸುತ್ತದೆ. ಇದನ್ನು ನಮಗೆ ಯಾರೂ ಐವತ್ತು ಸಲ ಬರೆಸಿ ಕಲಿಸಲಿಲ್ಲ. ತುಟಿಯೇ ಕಲಿತಿದೆ.

ಇಂಗ್ಲಿಷಿನಲ್ಲಿ ‘ಇಲ್ಲ’, ‘ಅಲ್ಲ’ ಎಂದು ಹೇಳಲು ಪದದ ಮೊದಲಿಗೆ ಹಚ್ಚುವ ‘ಇನ್’ ಎಂಬ ತುಣುಕಿದೆ. ಕರೆಕ್ಟ್–ಇನ್‌ಕರೆಕ್ಟ್. ಇದನ್ನೇ ಪಾಸಿಬಲ್‌ಗೆ ಹಚ್ಚಿ ಬೇಗ ಬೇಗ ಹೇಳಿ ನೋಡಿ. ಇನ್‌ಪಾಸಿಬಲ್, ಇನ್‌ಪಾಸಿಬಲ್... ‘ಪ’ ಅನ್ನಲು ತುಟಿ ಮುಚ್ಚಲೇಬೇಕು. ‘ನ್’ ಮುಗಿಯುವ ಮೊದಲೇ ತುಟಿ ಮುಚ್ಚಿಕೊಳ್ಳುತ್ತದೆ, ‘ಮ್’ ಆಗಿಬಿಡುತ್ತದೆ. ಇಂಪಾಸಿಬಲ್! ಹುಡುಗಿ ನಾಲ್ಕು ಸಲ ಹೇಳಿಕೊಂಡು ತಾನೇ ಕಂಡುಹಿಡಿದಳು. ಪ, ಬ, ಮ ಬಂದಾಗ ‘ಇಮ್’. ಅದಕ್ಕೇ ಇಂಪ್ಯೂರ್, ಇಂಬ್ಯಾಲೆನ್ಸ್, ಇಮ್ಮೆಚೂರ್. ಕಂಬದ ಸೊನ್ನೆಯ ಕೆಲಸವೇ ಇದು.

ಲೀಗಲ್‌ಗೆ ಬಂದರೆ ‘ಇನ್’ ಎಂಬುದು ‘ಇಲ್’ ಆಗುತ್ತದೆ. ಇಲ್ಲೀಗಲ್. ಇದೂ ನಮ್ಮಲ್ಲಿದೆ. ‘ಉತ್’ಗೆ ‘ಲಂಘನ’ ಸೇರಿದರೆ ಉತ್‌ಲಂಘನ ಅನ್ನುತ್ತೇವಾ? ಉಲ್ಲಂಘನ ಅನ್ನುತ್ತೇವೆ. ಲಕಾರ ಬಂದ ಕೂಡಲೇ ‘ತ್’ ತಾನೂ ‘ಲ್’ ಆಯಿತು. ಉಲ್ಲೇಖವೂ ಹಾಗೇ. ರೆಗ್ಯುಲರ್‌ಗೆ ಇರ್ರೆಗ್ಯುಲರ್ ಬಂದದ್ದೂ ಇದೇ ದಾರಿಯಲ್ಲಿ. ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಸಂಧಿ ಪಾಠ ಮಾಡುವಾಗ ‘ಬಾಯಿಗೆ ಸಲೀಸಾಗಲಿ ಅಂತ ಅಕ್ಷರ ಬದಲಾಗ್ತದೆ’ ಅನ್ನುತ್ತಿದ್ದರು. ಆ ಒಂದು ಮಾತು ಇಂಗ್ಲಿಷ್ ಪಾಠದ ಹೊತ್ತಿಗೆ ನೆನಪಾಗಿದ್ದರೆ ನಮ್ಮ ಕ್ಲಾಸಿನ ಎಷ್ಟೋ ಜನ ಇಂಗ್ಲಿಷಿಗೆ ಹೆದರುತ್ತಿರಲಿಲ್ಲ.

ಟೈಪ್ ಮಾಡುವವಳಾಗಿ ನನಗೆ ಇನ್ನೊಂದು ಲಾಭವೂ ಕಾಣುತ್ತದೆ. ಇದು ಗೊತ್ತಾದರೆ ಸ್ಪೆಲಿಂಗ್ ತಾನಾಗಿ ಕೂರುತ್ತದೆ. ಇಲ್ಲೀಗಲ್‌ನಲ್ಲಿ ಎರಡು ಎಲ್ ಯಾಕೆ? ಒಂದು ತುಣುಕಿನದು, ಒಂದು ಪದದ್ದು. ಇಮ್ಮೆಚೂರ್‌ನಲ್ಲಿ ಎರಡು ಎಂ, ಇರ್ರೆಗ್ಯುಲರ್‌ನಲ್ಲಿ ಎರಡು ಆರ್, ಅನ್‌ನೆಸೆಸರಿಯಲ್ಲಿ ಎರಡು ಎನ್. ಯಾರ ಅಕ್ಷರವನ್ನೂ ಯಾರೂ ಕಳೆದುಕೊಳ್ಳುವುದಿಲ್ಲ. ‘ಡಿಸ್ಸಾಟಿಸ್ಫೈಡ್’ ಬರೆಯುವಾಗ ಡಿಸ್‌ನ ಎಸ್ ಒಂದು, ಸಾಟಿಸ್ಫೈಡ್‌ನ ಮೊದಲ ಎಸ್ ಒಂದು, ಅಕ್ಕಪಕ್ಕ ಎರಡು. ‘ಡಿಸಪಿಯರ್’ನಲ್ಲಿ ಮಾತ್ರ ಒಂದೇ ಎಸ್. ಯಾಕೆಂದರೆ ಅಪಿಯರ್ ಶುರುವಾಗುವುದು ಎ ಅಕ್ಷರದಿಂದ. ರಜೆ ಅರ್ಜಿಯಿಂದ ಹಿಡಿದು ಕೆಲಸದ ಅರ್ಜಿಯವರೆಗೆ ನಾನು ದಿನಾ ತಿದ್ದುವ ತಪ್ಪುಗಳಲ್ಲಿ ಇವೇ ಜಾಸ್ತಿ. ಡಿಗ್ರಿ ಮುಗಿಸಿದವರೂ ಕಂಪ್ಯೂಟರಿನ ಕೆಂಪು ಗೆರೆ ನೋಡಿ ಸುಮ್ನೆ ಒಂದು ಅಕ್ಷರ ಸೇರಿಸಿ, ಒಂದು ತೆಗೆದು ಪ್ರಯತ್ನ ಮಾಡುತ್ತಾರೆ. ಪದವನ್ನು ಎಲ್ಲಿ ಬಿಡಿಸಬೇಕು ಎಂದು ಅವರಿಗೆ ಯಾರೂ ಹೇಳಿಲ್ಲ.

ಹುಡುಗಿಯ ಪ್ರಶ್ನೆ ಇಷ್ಟಕ್ಕೇ ಮುಗಿಯಲಿಲ್ಲ. “ಹಂಗಾದ್ರ ಅನ್‌ಪಾಪ್ಯುಲರ್ ಅಂತಾರಲ್ರೀ, ಅಲ್ಲೂ ಪ ಐತಲ್ಲ?” ಅಂದಳು. ಆ ಪದ ಅವಳ ಪಠ್ಯದಲ್ಲೇ ಇತ್ತಂತೆ. ಮಗು ಎಷ್ಟು ಸರಿಯಾದ ಜಾಗಕ್ಕೆ ಕೈ ಹಾಕಿತು ನೋಡಿ.

ಉತ್ತರ ಇದು. ‘ಅನ್’ ಬಾಗುವುದಿಲ್ಲ, ‘ಇನ್’ ಬಾಗುತ್ತದೆ. ಯಾಕೆಂದರೆ ಇಬ್ಬರೂ ಬೇರೆ ಬೇರೆ ಮನೆಯವರು. ಅನ್ ಇಂಗ್ಲಿಷಿನ ಸ್ವಂತ ಆಸ್ತಿ, ಹಳೆಯ ಇಂಗ್ಲಿಷಿನಿಂದಲೂ ಇದೆ. ಇನ್ ಲ್ಯಾಟಿನ್ನಿನದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಅರಮನೆ, ಕೋರ್ಟು ಕಚೇರಿಗಳ ಫ್ರೆಂಚ್ ಪದಗಳು ಸಾವಿರಾರು ಸಂಖ್ಯೆಯಲ್ಲಿ ಇಂಗ್ಲಿಷಿಗೆ ಸೇರಿದವು. ಇನ್, ಡಿಸ್, ನಾನ್ ಹೀಗೆ ಹೊರಗಿನಿಂದ ಬಂದ ತುಣುಕುಗಳು. ಇನ್ ಎಂಬುದು ಇಮ್, ಇಲ್, ಇರ್ ಆಗಿ ಬಾಗಿದ್ದು ಲ್ಯಾಟಿನ್ ಬಾಯಲ್ಲೇ. ಆನೆಸ್ಟ್ ಫ್ರೆಂಚಿನಿಂದ ಬಂದ ಪದ, ಅದರ ಡಿಸ್ ಕೂಡ ಅಲ್ಲಿಂದಲೇ ಜೊತೆಗೆ ಬಂತು. ಹೀಗಾಗಿ ಇಂಗ್ಲಿಷಿನಲ್ಲಿ ಒಂದೇ ಅರ್ಥಕ್ಕೆ ಎರಡೆರಡು ಪದ ಸಿಗುತ್ತವೆ, ಒಂದು ಮನೆಯದು, ಒಂದು ಹೊರಗಿನದು. ಕೊನೆಯೇ ಇಲ್ಲದ್ದಕ್ಕೆ ಅನ್‌ಎಂಡಿಂಗ್ ಅಂತಲೂ ಅನ್ನಬಹುದು, ಇನ್‌ಫಿನಿಟ್ ಅಂತಲೂ ಅನ್ನಬಹುದು. ಸಾವಿಲ್ಲದ್ದು ಅನ್‌ಡೈಯಿಂಗ್, ಇಮ್ಮಾರ್ಟಲ್.

ನಮ್ಮಲ್ಲೂ ಹೀಗೇ ತಾನೇ? ಕೊನೆಯಿಲ್ಲದ–ಅನಂತ. ಸಾವಿಲ್ಲದ–ಅಮರ. ನಂಬಲಾಗದ–ಅವಿಶ್ವಸನೀಯ. ಮೊದಲನೆಯದು ಮನೆಮಾತು, ಎರಡನೆಯದು ಸಂಸ್ಕೃತದ್ದು. ಇನ್ನೂ ಸಂತೋಷದ ಸಂಗತಿ ಎಂದರೆ ಇಂಗ್ಲಿಷಿನ ಅನ್, ಲ್ಯಾಟಿನ್ನಿನ ಇನ್, ಸಂಸ್ಕೃತದ ಅ–ಅನ್, ಗ್ರೀಕಿನ ಅ–ಅನ್, ಇವೆಲ್ಲ ಒಂದೇ ತಾಯಿಬೇರಿನಿಂದ ಬಂದವು ಎಂದು ಭಾಷಾ ವಿಜ್ಞಾನಿಗಳು ಹೇಳುತ್ತಾರೆ. ಇಮ್ಮಾರ್ಟಲ್ ಮತ್ತು ಅಮೃತ, ಎರಡರಲ್ಲೂ ‘ಸಾವು’ ಎನ್ನುವ ಬೇರು ಒಂದೇ, ‘ಇಲ್ಲ’ ಎನ್ನುವ ತುಣುಕೂ ಒಂದೇ. ಇದನ್ನು ಮೊದಲ ಸಲ ಓದಿದ ದಿನ ನಾನು ಅಂಗಡಿ ಮುಚ್ಚಿ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ ಎರಡು ಪದಗಳನ್ನೇ ಹೇಳಿಕೊಳ್ಳುತ್ತಾ ಹೋಗಿದ್ದೆ.

ಸಂಸ್ಕೃತದ ಅ–ಅನ್ ಲೆಕ್ಕ ನಮ್ಮ ಮಕ್ಕಳಿಗೆ ಬಾಯಲ್ಲೇ ಇದೆ. ವ್ಯಂಜನ ಬಂದರೆ ಅ: ನ್ಯಾಯ–ಅನ್ಯಾಯ, ಶುದ್ಧ–ಅಶುದ್ಧ. ಸ್ವರ ಬಂದರೆ ಅನ್: ಉಚಿತ–ಅನುಚಿತ, ಆರೋಗ್ಯ–ಅನಾರೋಗ್ಯ, ಇಷ್ಟ–ಅನಿಷ್ಟ. ಗ್ರೀಕಿನಿಂದ ಇಂಗ್ಲಿಷಿಗೆ ಬಂದ ಪದಗಳಲ್ಲೂ ಇದೇ ಲೆಕ್ಕ. ಶಾಲೆಯಲ್ಲಿ ಕಬ್ಬಿಣಾಂಶದ ಮಾತ್ರೆ ಕೊಡುವಾಗ ‘ಅನೀಮಿಯಾ’ ಅನ್ನುವುದನ್ನು ಮಕ್ಕಳು ಕೇಳಿರುತ್ತಾರೆ. ಅನ್ ಅಂದರೆ ಇಲ್ಲ, ಉಳಿದದ್ದು ಗ್ರೀಕಿನಲ್ಲಿ ರಕ್ತ. ಆಪರೇಷನ್‌ಗೆ ಮೊದಲು ಕೊಡುವ ಅನಸ್ತೀಸಿಯಾದಲ್ಲೂ ಅದೇ ಅನ್, ಅರಿವು ಇಲ್ಲದಿರುವುದು. ‘ಆಟಂ’ ಎಂದರೆ ತುಂಡು ಮಾಡಲಾಗದ್ದು, ಅಲ್ಲಿ ಮುಂದೆ ವ್ಯಂಜನ ಇರುವುದರಿಂದ ಬರೀ ಅ. ವಿಜ್ಞಾನದ ಮೇಷ್ಟ್ರು, ಕನ್ನಡದ ಮೇಷ್ಟ್ರು, ಇಂಗ್ಲಿಷ್ ಮೇಡಂ ಮೂವರೂ ಒಂದೇ ಸ್ಟಾಫ್‌ರೂಮಿನಲ್ಲಿ ಕೂತು ಚಹಾ ಕುಡಿಯುತ್ತಾರೆ. ಈ ಒಂದು ಪಾಠವನ್ನು ಮೂವರೂ ಸೇರಿ ಮಾಡಿದರೆ ಎಷ್ಟು ಚೆಂದ ಇರುತ್ತದೆ.

ಇನ್ನು ನಾವು ಮರೆತೇಬಿಡುವ ಒಂದು ಗುಂಪಿದೆ. ನನ್ನ ಅಂಗಡಿಗೆ ಬರುವ ಹಳ್ಳಿಯ ರೈತರು, ಅಕ್ಷರ ಬಾರದವರು ಕೂಡ ದಿನಾ ಆಡುವ ಮಾತು: ಗೈರುಹಾಜರಿ, ಬೇಜವಾಬ್ದಾರಿ, ನಾಪತ್ತೆ, ನಾಲಾಯಕ್, ಬೇನಾಮಿ. ಈ ಬೇ, ನಾ, ಗೈರು ಪಾರ್ಸಿ–ಅರಬ್ಬಿ ಕಡೆಯಿಂದ ಬಂದ ತುಣುಕುಗಳು. ‘ಬೇಹಾಜರಿ’ ಎಂದು ಯಾರಾದರೂ ಅನ್ನುತ್ತಾರಾ? ಇಲ್ಲ, ಗೈರುಹಾಜರಿಯೇ. ಸಂಸ್ಕೃತದ ಕಡೆ ಬನ್ನಿ. ನ್ಯಾಯಕ್ಕೆ ಅನ್ಯಾಯ, ದೋಷಕ್ಕೆ ನಿರ್ದೋಷ, ಕೀರ್ತಿಗೆ ಅಪಕೀರ್ತಿ, ಮಾನಕ್ಕೆ ಅವಮಾನ. ಯಾವುದಕ್ಕೆ ಯಾವುದು ಎಂದು ಕನ್ನಡದಲ್ಲೂ ಒಂದೇ ನಿಯಮ ಇಲ್ಲ. ಆದರೂ ನಮಗೆ ತಪ್ಪುವುದಿಲ್ಲ. ಕಿವಿಗೆ ಬಿದ್ದು ಬಿದ್ದು ಗಟ್ಟಿಯಾಗಿದೆ. ಇಂಗ್ಲಿಷ್ ಮಕ್ಕಳಿಗೂ ಹಾಗೇ ಗಟ್ಟಿಯಾಗುವುದು. ಅವರು ಹುಟ್ಟಿನಿಂದ ಕೇಳಿದ್ದನ್ನು ನಮ್ಮ ಮಗು ಒಂದು ಪಟ್ಟಿಯಿಂದ ಕಲಿಯಬೇಕು, ಅದೂ ಒಂದು ವಾರದಲ್ಲಿ!

ಅಚ್ಚಕನ್ನಡ ಮಾತ್ರ ಬೇರೆ ದಾರಿ ಹಿಡಿದಿದೆ. ನಮ್ಮ ‘ಇಲ್ಲ’ ಕೊನೆಯಲ್ಲಿ ಬರುತ್ತದೆ. ಕಾಣದ, ಬಾರದ, ತಿಳಿಯದ, ಮನೆಯಿಲ್ಲದ. ಹೊರಗಿನ ತುಣುಕು ಹಚ್ಚದಿದ್ದರೆ ನಮ್ಮ ಬಾಯಿ ಪದದ ತಲೆಗೆ ‘ಇಲ್ಲ’ವನ್ನು ಇಡುವುದೇ ಇಲ್ಲ. ಅನೀಮಿಯಾಕ್ಕೂ ನಾವು ರಕ್ತಹೀನತೆ ಅಂದೆವು, ‘ಹೀನ’ವನ್ನು ಹಿಂದಕ್ಕೆ ಇಟ್ಟೆವು. ಜಮೀನು ಎನ್‌ಎ ಮಾಡಿಸಲು ಬರುವವರ ಕಾಗದದಲ್ಲಿ ‘ನಾನ್ ಅಗ್ರಿಕಲ್ಚರಲ್’ ಎಂದಿರುವುದು ಕನ್ನಡದಲ್ಲಿ ‘ಕೃಷಿಯೇತರ’ ಆಗುತ್ತದೆ, ‘ಇತರ’ ಕೊನೆಗೆ. ಹೀಗಿರುವಾಗ ನಮ್ಮ ಮಕ್ಕಳಿಗೆ ಮೊದಲು ‘ಲೆಸ್’ ಕಲಿಸಿದರೆ ಹೇಗೆ? ಹೋಮ್‌ಲೆಸ್ ಅಂದರೆ ಮನೆ–ಇಲ್ಲದ. ಯೂಸ್‌ಲೆಸ್, ಕೇರ್‌ಲೆಸ್, ಪೇನ್‌ಲೆಸ್. ಕನ್ನಡದ ಜಾಡಿನಲ್ಲೇ ಹೋಗುತ್ತದೆ. ಅಲ್ಲಿ ಧೈರ್ಯ ಬಂದ ಮೇಲೆ ತಲೆಯ ಕಡೆಗೆ ಬರೋಣ. ಇದು ನನ್ನ ಅನಿಸಿಕೆ, ಪಾಠ ಮಾಡುವವರು ಒಮ್ಮೆ ಪ್ರಯತ್ನಿಸಿ ನೋಡಲಿ.

ತಲೆಯ ಕಡೆಗೆ ಬಂದಾಗಲೂ ಪುಸ್ತಕದಿಂದ ಶುರು ಮಾಡಬೇಕಿಲ್ಲ. ಫೋನ್ ಅನ್‌ಲಾಕ್ ಮಾಡುವುದು ಯಾವ ಮಗುವಿಗೆ ಗೊತ್ತಿಲ್ಲ? ಬಿಲ್ಲು ಕಟ್ಟದಿದ್ದರೆ ಕರೆಂಟ್ ಡಿಸ್‌ಕನೆಕ್ಟ್, ಖಾನಾವಳಿ ಬೋರ್ಡಿನಲ್ಲಿ ಅನ್‌ಲಿಮಿಟೆಡ್ ಊಟ, ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗ ಇನ್‌ವ್ಯಾಲಿಡ್ ಒಟಿಪಿ. ನಾನ್ ಕ್ರೀಮಿಲೇಯರ್ ಸರ್ಟಿಫಿಕೇಟಿಗೆ ಜೂನ್ ತಿಂಗಳಲ್ಲಿ ನನ್ನ ಬಾಗಿಲ ಮುಂದೆ ಸಾಲು ನಿಲ್ಲುತ್ತದೆ. ನಾಲ್ಕೂ ತುಣುಕುಗಳು ಬೀದಿಯಲ್ಲೇ ಸಿಕ್ಕವು. ಒಂದೊಂದರ ಗುಣವೂ ಅಲ್ಲೇ ಕಾಣುತ್ತದೆ. ನಾನ್ ಎಂದರೆ ಸುಮ್ನೆ ‘ಆ ಗುಂಪಿನವರಲ್ಲ’ ಎಂದಷ್ಟೇ, ಬೈಗುಳ ಏನಿಲ್ಲ. ನಾನ್‌ಹ್ಯೂಮನ್ ಎಂದರೆ ಮನುಷ್ಯ ಅಲ್ಲದ್ದು, ದನವೂ ಆಗಬಹುದು ಮರವೂ ಆಗಬಹುದು. ಇನ್‌ಹ್ಯೂಮನ್ ಎಂದರೆ ಅಮಾನುಷ. ಎಷ್ಟು ಅಂತರ! ಇನ್ನು ಅನ್‌ಲಾಕ್‌ನ ಅನ್ ಬೇರೆಯೇ. ಅದು ‘ಲಾಕ್ ಮಾಡದ’ ಅಲ್ಲ, ಮಾಡಿದ ಲಾಕನ್ನು ತೆಗೆಯುವುದು. ಅನ್‌ಟೈ ಎಂದರೆ ಕಟ್ಟಿದ್ದನ್ನು ಬಿಚ್ಚುವುದು, ಅನ್‌ಪ್ಯಾಕ್ ಎಂದರೆ ತುಂಬಿದ್ದನ್ನು ತೆಗೆಯುವುದು. ನಾನು ದಿನಕ್ಕೆ ನೂರಾರು ಸಲ ಒತ್ತುವ ‘ಅನ್‌ಡೂ’ ಕೂಡ ಇದೇ. ಹುಡುಗಿಗೆ ಕಂಪ್ಯೂಟರಿನಲ್ಲಿ ಅವಳ ಹೆಸರು ಟೈಪ್ ಮಾಡಿಸಿ, ಕಂಟ್ರೋಲ್ ಝಡ್ ಒತ್ತಿಸಿದೆ. ಅಕ್ಷರಗಳು ಮಾಯವಾದವು. “ಓ, ಹಿಂದಕ್ಕ ಹೋಗೂದು!” ಅಂದಳು. ‘ಮಿಸ್’ ಎಂಬ ತುಣುಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಿಸ್‌ಯೂಸ್ ಎಂದರೆ ಬಳಸದಿರುವುದಲ್ಲ, ತಪ್ಪಾಗಿ ಬಳಸುವುದು, ನಮ್ಮ ‘ದುರುಪಯೋಗ’.

ಒಂದು ಪದವನ್ನು ಮಾತ್ರ ಎಲ್ಲ ಶಾಲೆಯಲ್ಲೂ ತಪ್ಪದೇ ಹೇಳಿಕೊಡಬೇಕು ಎಂದು ಕೈಮುಗಿದು ಕೇಳುತ್ತೇನೆ. ನಮ್ಮ ಊರ ಪಕ್ಕದ ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರುಗಳು ಹೋಗುತ್ತಿರುತ್ತವೆ. ಹಿಂದೆ ದಪ್ಪ ಅಕ್ಷರದಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ಹಿಂದೊಮ್ಮೆ ಒಂದು ಪೆಟ್ರೋಲ್ ಬಂಕಿನವರು ಅದೇ ಪದ ಇರುವ ಎಚ್ಚರಿಕೆ ಫಲಕ ಮಾಡಿಸಲು ಬಂದರು. ಲ್ಯಾಮಿನೇಷನ್ ಆದ ಮೇಲೆ ತೆಗೆದುಕೊಂಡು ಹೋಗಲು ಬಂದ ಹುಡುಗ ಎಸ್ಸೆಸ್ಸೆಲ್ಸಿ ಪಾಸಾದವನು. ಫಲಕ ನೋಡಿ ನನ್ನನ್ನು ಕೇಳಿದ: “ಅಕ್ಕಾರ, ಫ್ಲೇಮ್ ಅಂದ್ರ ಬೆಂಕಿ. ಇನ್ ಬಂದ್ರ ಇಲ್ಲ ಅಂತ. ಬೆಂಕಿ ಹತ್ತಂಗಿಲ್ಲ ಅಂತ ಬರದಂಗಾತಲ್ರೀ?” ನನ್ನ ಎದೆ ಧಸಕ್ಕೆಂದಿತು. ದಿನಾ ಪೆಟ್ರೋಲ್ ಪೈಪು ಹಿಡಿಯುವ ಹುಡುಗ ಅವನು. ಶಾಲೆಯಲ್ಲಿ ಕಲಿಸಿದ ನಿಯಮವನ್ನು ಅವನು ಸರಿಯಾಗಿಯೇ ಹಚ್ಚಿದ್ದ. ಆದರೆ ಈ ಇನ್ ಆ ಇನ್ ಅಲ್ಲ. ಇದು ‘ಒಳಗೆ’ ಎನ್ನುವ ಇನ್, ಬೆಂಕಿ ಹೊತ್ತಿಕೊಳ್ಳುವುದು ಎಂಬ ಅರ್ಥದ ಲ್ಯಾಟಿನ್ ಪದದಲ್ಲಿ ಮೊದಲಿನಿಂದ ಇದ್ದದ್ದು. ಫ್ಲೇಮಬಲ್ ಅಂದರೂ ಇನ್‌ಫ್ಲೇಮಬಲ್ ಅಂದರೂ ಅರ್ಥ ಒಂದೇ, ಬೇಗ ಬೆಂಕಿ ಹತ್ತುತ್ತದೆ. ಹತ್ತದ್ದು ನಾನ್‌ಫ್ಲೇಮಬಲ್. ಜನ ತಪ್ಪು ತಿಳಿಯುತ್ತಾರೆ ಎಂದೇ ಅಮೆರಿಕದಲ್ಲಿ ಬೆಂಕಿ ಸುರಕ್ಷತೆಯ ಕೆಲಸದವರು ಫ್ಲೇಮಬಲ್ ಎಂದೇ ಬರೆಯಬೇಕೆಂದು ಕಳೆದ ಶತಮಾನದಲ್ಲೇ ಒತ್ತಾಯಿಸಿದರು. ನಾನು ಆ ಫಲಕವನ್ನು ವಾಪಸ್ ಇಟ್ಟುಕೊಂಡು, ಹೊಸದಾಗಿ ಪ್ರಿಂಟ್ ತೆಗೆದೆ. ಮೇಲೆ ಇಂಗ್ಲಿಷ್ ಪದದಷ್ಟೇ ದೊಡ್ಡದಾಗಿ ‘ಬೇಗ ಬೆಂಕಿ ಹತ್ತುತ್ತದೆ’ ಎಂದು ಕನ್ನಡದಲ್ಲಿ ಹಾಕಿದೆ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಕನ್ನಡ ನಾಡಿನ ರಸ್ತೆಯ ಮೇಲೆ ಓಡುವ ಟ್ಯಾಂಕರಿನ ಮೇಲೂ ಆ ಸಾಲು ಇರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಇಂಥ ಮೋಸದ ಪದಗಳು ಇನ್ನೂ ಇವೆ. ಇನ್‌ವ್ಯಾಲ್ಯುಯೇಬಲ್ ಎಂದರೆ ಬೆಲೆ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಇದನ್ನು ವಿವರಿಸಲು ಒಂದೇ ಕನ್ನಡ ಪದ ಸಾಕು: ಅಮೂಲ್ಯ. ಮೂಲ್ಯ ಇಲ್ಲದ್ದನ್ನು ನಾವು ಅಮೂಲ್ಯ ಅನ್ನುತ್ತೇವಾ? ಇನ್‌ಫೇಮಸ್ ಎಂದರೆ ಹೆಸರು ಇಲ್ಲದವನಲ್ಲ, ಕೆಟ್ಟ ಹೆಸರಿನವನು. ಅನರ್ಥ ಎಂದರೂ ಅರ್ಥ ಇಲ್ಲದ್ದಲ್ಲವಲ್ಲ, ಕೇಡು. ಕನ್ನಡದ ಜೊತೆ ಇಟ್ಟು ತೋರಿಸಿದರೆ ಮಗು ಒಂದೇ ಸಲಕ್ಕೆ ಹಿಡಿಯುತ್ತದೆ.

ಈ ನಡುವೆ ಒಂದು ಮಾತು. ಒಂದು ಪಟ್ಟಿಯಲ್ಲಿ ‘ಟಚಬಲ್’ ಎಂದು ಕೊಟ್ಟು ಅದರ ವಿರುದ್ಧ ಪದ ಬರೆಯಿರಿ ಎಂದಿತ್ತು. ನಾನು ಟೈಪ್ ಮಾಡಲಿಲ್ಲ. ತಂದವರಿಗೆ ಬೇರೆ ಪದ ಹಾಕಿ ಎಂದು ಕೇಳಿಕೊಂಡೆ, ಅವರೂ ಒಪ್ಪಿದರು. ಆ ಅನ್ ಎಷ್ಟು ಜನರ ಬದುಕನ್ನು ಊರ ಹೊರಗೆ ಇಟ್ಟಿತ್ತು! ಅದನ್ನು ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೇ ವಿಧಿಯ ಜೊತೆ ಓದಿಸಬೇಕೇ ಹೊರತು ಒಂದು ಮಾರ್ಕಿನ ಚುಕ್ಕಿ ಗೆರೆಯ ಮುಂದೆ ಅಲ್ಲ. ಅದೇ ರೀತಿ ಅಹಿಂಸೆ–ನಾನ್‌ವಯೊಲೆನ್ಸ್, 1920ರ ಅಸಹಕಾರ ಚಳವಳಿ–ನಾನ್‌ಕೋಆಪರೇಷನ್, ಇವನ್ನು ಸಮಾಜ ವಿಜ್ಞಾನದ ಪಾಠದಲ್ಲಿ ಓದುವಾಗಲೇ ತುಣುಕು ಬಿಡಿಸಿ ತೋರಿಸಬಹುದು.

ಈಗ ಆ ಕೆಂಪು ಶಾಯಿಯ ಮಾತಿಗೆ ಬರುತ್ತೇನೆ. “ಇದು ಯಾವ ದೇಶದ ಇಂಗ್ಲಿಷ್?” ಎಂದು ಕೇಳಿದ್ದಾರೆ. ಇಂಗ್ಲೆಂಡ್ ದೇಶದ ಇಂಗ್ಲಿಷೇ. ಶೇಕ್ಸ್‌ಪಿಯರ್ ಎರಡನೇ ರಿಚರ್ಡ್ ನಾಟಕದಲ್ಲಿ ‘ಅನ್‌ಪಾಸಿಬಲ್’ ಎಂದೇ ಬರೆದಿದ್ದಾನೆ. ನಾನೂರು ವರ್ಷದ ಹಿಂದೆ ಅದು ನಡೆಯುವ ಪದವಾಗಿತ್ತು. ಇಂಗ್ಲಿಷಿನವರೂ ಅನ್ ಹಚ್ಚಬೇಕಾ ಇನ್ ಹಚ್ಚಬೇಕಾ ಎಂದು ಬಹಳ ಕಾಲ ತೂಗಾಡಿದ್ದಾರೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡಿನಲ್ಲಿ ಅದನ್ನು ಬರೆದ ಜೆಫರ್‌ಸನ್ ‘ಇನ್‌ಏಲಿಯನಬಲ್’ (ಯಾರೂ ಕಿತ್ತುಕೊಳ್ಳಲಾಗದ) ಎಂದು ಬರೆದಿದ್ದ. 1776ರಲ್ಲಿ ಹೊರಬಂದ ಘೋಷಣೆಯಲ್ಲಿ ಅದು ‘ಅನ್‌ಏಲಿಯನಬಲ್’ ಆಗಿದೆ. ಇವತ್ತಿಗೂ ತೂಗಾಟ ಪೂರ್ತಿ ನಿಂತಿಲ್ಲ. ಏಬಲ್‌ಗೆ ಅನ್‌ಏಬಲ್, ಆದರೆ ಅಬಿಲಿಟಿಗೆ ಇನ್‌ಅಬಿಲಿಟಿ. ಈಕ್ವಲ್‌ಗೆ ಅನ್‌ಈಕ್ವಲ್, ಈಕ್ವಾಲಿಟಿಗೆ ಇನ್‌ಈಕ್ವಾಲಿಟಿ. ಜಸ್ಟ್‌ಗೆ ಅನ್‌ಜಸ್ಟ್, ಜಸ್ಟಿಸ್‌ಗೆ ಇನ್‌ಜಸ್ಟಿಸ್. ಒಂದೇ ಮನೆಯ ಪದಗಳಿಗೇ ಬೇರೆ ಬೇರೆ ತುಣುಕು.

ಅನ್‌ಪಾಸಿಬಲ್‌ಗೆ ಪೂರ್ತಿ ಮಾರ್ಕು ಕೊಡಿ ಎಂದು ನಾನು ಕೇಳುತ್ತಿಲ್ಲ. ಇವತ್ತಿನ ಇಂಗ್ಲಿಷಿನಲ್ಲಿ ಅದು ತಪ್ಪು, ಮಗು ಸರಿಯಾದದ್ದನ್ನೇ ಕಲಿಯಬೇಕು. ಆದರೆ ಆ ತಪ್ಪಿನ ಒಳಗೆ ಒಂದು ಸರಿ ಇದೆ. ವಿರುದ್ಧ ಅರ್ಥ ಬರಬೇಕಾದರೆ ಪದದ ತಲೆಗೆ ಒಂದು ತುಣುಕು ಹಚ್ಚಬೇಕು ಎಂಬುದು ಅವಳಿಗೆ ಗೊತ್ತಾಗಿದೆ. ಹತ್ತು ಕಡೆಯೂ ಬಿಡದೆ ಹಚ್ಚಿದ್ದಾಳೆ. ಒಂದನ್ನೂ ಖಾಲಿ ಬಿಟ್ಟಿಲ್ಲ. ಎರಡು ವರ್ಷದ ಮಗು ‘ಬಾ’ ಅಂದರೆ ‘ಬರಲ್ಲ’ ಎನ್ನುವ ಬದಲು ‘ಬಾಯಲ್ಲ’ ಅಂದರೆ ನಾವು ಎತ್ತಿ ಮುದ್ದಾಡುತ್ತೇವೆ. ಅದೇ ಬುದ್ಧಿ ಇಂಗ್ಲಿಷಿನಲ್ಲಿ ಕೆಲಸ ಮಾಡಿದರೆ ಯಾವ ದೇಶ ಎಂದು ಕೇಳುತ್ತೇವೆ. ಮುಂದಿನ ಸಲ ಆ ಹುಡುಗಿ ಖಾಲಿ ಬಿಡುತ್ತಾಳೆ. ಖಾಲಿ ಬಿಟ್ಟ ಉತ್ತರಪತ್ರಿಕೆಗಳನ್ನೂ ನಾನು ಸಾಕಷ್ಟು ನೋಡಿದ್ದೇನೆ. ಅವುಗಳ ಮೇಲೆ ಬರೆಯಲು ಯಾವ ಮೇಷ್ಟ್ರಿಗೂ ಏನೂ ಸಿಗುವುದಿಲ್ಲ.

ಶಿಕ್ಷಕರ ಮೇಲೆ ನನಗೆ ಸಿಟ್ಟಿಲ್ಲ. ಒಂದೊಂದು ಕ್ಲಾಸಿಗೆ ಎಷ್ಟು ಮಕ್ಕಳು, ಎಷ್ಟು ದಾಖಲೆ, ಎಷ್ಟು ತರಬೇತಿ ಎಂದು ನನ್ನ ಅಂಗಡಿಗೆ ಬಂದಾಗ ಅವರೇ ಹೇಳಿಕೊಳ್ಳುತ್ತಾರೆ. ನನ್ನ ಕೋರಿಕೆ ಸಣ್ಣದು. ಪ್ರಶ್ನೆಪತ್ರಿಕೆ ಬರೆದುಕೊಡುವಾಗ ಹತ್ತು ಪದಗಳನ್ನು ಕಲಸಿ ಕೊಡಬೇಡಿ. ಪ, ಬ, ಮ ಪದಗಳನ್ನು ಒಟ್ಟಿಗೆ ಕೊಟ್ಟು ‘ತುಟಿ ನೋಡಿ ಬರೆಯಿರಿ’ ಅನ್ನಿ. ಅನ್ಯಾಯ, ಅನುಚಿತ, ಅಮೂಲ್ಯ ಪಕ್ಕದಲ್ಲಿ ಇರಲಿ. ತುಣುಕು ಹಚ್ಚಬೇಕು ಎಂದು ತಿಳಿದು ತಪ್ಪು ತುಣುಕು ಹಚ್ಚಿದ ಮಗುವಿಗೆ ಅರ್ಧ ಮಾರ್ಕು ಕೊಡಿ. ಕೆಂಪು ಶಾಯಿಯಲ್ಲಿ ‘ಇಮ್’ ಎಂದು ಎರಡಕ್ಷರ ಬರೆದರೆ ಸಾಕು, ಆ ಸಾಲು ಬರೆಯುವಷ್ಟು ಸಮಯವೂ ಬೇಡ.

ಹುಡುಗಿ ಅವತ್ತು ಹತ್ತು ಹಾಳೆ ತೆಗೆದುಕೊಂಡೇ ಹೋದಳು, 350 ಸಲ ಬರೆಯುವುದು ತಪ್ಪಲಿಲ್ಲ. ಮೂರು ದಿನ ಬಿಟ್ಟು ಮತ್ತೆ ಬಂದಳು. ಉಳಿದ ಹಾಳೆಯೊಂದರಲ್ಲಿ ತಾನೇ ಒಂದು ಪಟ್ಟಿ ಮಾಡಿದ್ದಳು. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ಇಂಪ್ಯೂರ್–ಅಶುದ್ಧ, ಇಂಪೇಷೆಂಟ್–ತಾಳ್ಮೆ ಇಲ್ಲದ, ಇರ್ರೆಸ್ಪಾನ್ಸಿಬಲ್–ಬೇಜವಾಬ್ದಾರಿ. ಕೊನೆಯದನ್ನು ಬರೆಯುವಾಗ ಆರ್ ಅಕ್ಷರವನ್ನು ಎರಡು ಸಲ ತಿದ್ದಿ ದಪ್ಪ ಮಾಡಿದ್ದಳು. ಇಪ್ಪತ್ತಾರು ಪದಗಳಿದ್ದವು. ಮೂರು ತಪ್ಪಿದ್ದವು, ಇಬ್ಬರೂ ನಿಘಂಟು ನೋಡಿ ತಿದ್ದಿದೆವು. ಆ ಹಾಳೆಯನ್ನು ನಾನು ಟೈಪ್ ಮಾಡಿದೆ, ಒಂದೇ ಪುಟ. ಊರಿನ ಯಾವ ಶಾಲೆಯವರು ಬಂದರೂ ಬಿಟ್ಟಿಯಾಗಿ ಪ್ರತಿ ತೆಗೆದುಕೊಡುತ್ತೇನೆ. ಅದರ ಒಂದು ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ನಿಮ್ಮ ವಿದ್ಯಾರ್ಥಿಗಳ ಪುಟದಲ್ಲಿ ಜಾಗ ಇದ್ದರೆ ದಯವಿಟ್ಟು ಹಾಕಿ. ಅವಳ ಹೆಸರು ಹಾಕಬಹುದಾ ಎಂದು ಅವಳ ಅಪ್ಪನನ್ನು ಕೇಳಿ ತಿಳಿಸುತ್ತೇನೆ.

ಇಂತಿ,
ಡಿಟಿಪಿ ಅಂಗಡಿಯ ಒಬ್ಬ ಓದುಗಳು
ರಾಣೆಬೆನ್ನೂರು